ಒತ್ತಾಗಿ ಬರೆದ ಸಾಲುಗಳು

ಕರಕೋಲ್,
17 ಅಕ್ಟೋಬರ್ 2019

ಮುದ್ದಿನ ತಂಗಿ ಬುರುಲ್,

ಎಲ್ಲರೂ ಚೆನ್ನಾಗಿದ್ದೀರಿ ತಾನೆ? ನೀನು ಕಳಿಸಿದ ಒಣಮೊಸರಿನ ಉಂಡೆ ತಲುಪಿ ತಿಂಗಳಾಯಿತು. ತಡವಾಯಿತೆಂದು ಬೈಯಬೇಡ. ಹಗಲೆಲ್ಲ ನಿನ್ನ ಭಾವನಿಗಾಗಿ ಬರೆದು ಬರೆದು ಬೆರಳು ಮರಗಟ್ಟಿರುತ್ತಿತ್ತು.

ಪಾರ್ಶ್ವವಾಯು ಬಡಿದ ಮೇಲೆ ಅವರ ಮಾತು ಮರಳಿತು, ಕೈಕಾಲು ಮರಳಿದವು, ಓದು ಮಾತ್ರ ಹೋಯಿತು. ನಲವತ್ತು ವರ್ಷ ಪತ್ರಿಕೆಯ ಕರಡು ತಿದ್ದಿದವರು! ಈಗ ಅಕ್ಕಪಕ್ಕದ ಪದಗಳು ಒಂದರೊಳಗೊಂದು ನುಗ್ಗುತ್ತವೆ. ‘ಕುರಿ, ಕುದುರೆ’ ಎಂದಿದ್ದರೆ ‘ಕುದುರಿ’ ಎನ್ನುತ್ತಾರೆ.

"ದಪ್ಪಕ್ಷರದಲ್ಲಿ ಬರೀರಿ ಅಕ್ಕ, ಪದಪದಕ್ಕೂ ಜಾಗ ಬಿಡಿ, ಪುಟಕ್ಕೆ ಮೂರೇ ಸಾಲು. ಓದ್ತಾರೆ ನೋಡಿ" ಎಂದಳು ಡಾಕ್ಟರ್ ಬೇಗಾಯಿಮ್. ಹಾಗೆಯೇ ಪತ್ರಿಕೆಯನ್ನು ನಕಲು ಮಾಡಿಕೊಟ್ಟೆ. ಮೊದಲ ಪುಟ ಸಲೀಸಾಗಿ ಓದಿದರು. ನನಗೆ ಕಣ್ಣು ತುಂಬಿತು. ಅವರು ಹೇಳಿದ್ದು: "ಎರಡನೇ ಸಾಲಲ್ಲಿ ಅಲ್ಪವಿರಾಮ ಎಲ್ಲೇ, ಕತ್ತೆ?"

ಹೋದ ವಾರ ನುರ್ಜಾತಳ ಕಾಗದ ಬಂತು. ಅಪ್ಪನೊಡನೆ ಜಗಳವಾಡಿ ಮನೆಬಿಟ್ಟ ಮಗಳು ಆರು ವರ್ಷದ ಮೇಲೆ ಅವರಿಗೇ ಬರೆದಿದ್ದಳು: ‘ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಮನಸ್ಸಿದ್ದರೆ ನಿಲ್ದಾಣಕ್ಕೆ ಬನ್ನಿ. ಬರದಿದ್ದರೆ ಇನ್ನು ತೊಂದರೆ ಕೊಡುವುದಿಲ್ಲ.’ ಅಪ್ಪನ ಕಾಯಿಲೆಯ ಬಗ್ಗೆ ನೀನೇ ಹೇಳಿದ್ದೆಯೇನೋ, ದಪ್ಪಕ್ಷರದಲ್ಲಿ, ಬಿಡಿಬಿಡಿಯಾಗಿ ಬರೆದಿದ್ದಳು.

ಅದನ್ನು ಬಚ್ಚಿಟ್ಟೆ. ಸಣ್ಣಕ್ಷರದಲ್ಲಿ, ಸಾಲಿಗೆ ಸಾಲು ಅಂಟಿಸಿ ನಕಲು ಮಾಡಿ ಕೊಟ್ಟೆ.

"ಇದೇನು, ಇರುವೆ ಮುತ್ತಿದ ಹಾಗೆ? ಬಿಡಿಸಿ ಬರಿ."

"ಅವಳು ಬರೆದ ಹಾಗೇ ಇಳಿಸಿದ್ದೀನಿ."

"ಓದಾದ್ರೂ ಹೇಳು, ಕಲಿಪಾ. ನನ್ನ ಮಗಳ ಕಾಗದ ಅದು."

"ನೀವೇ ಓದ್ಕೊಳ್ಳಿ. ಓದೋದೇ ನಿಮ್ಮ ಕೆಲಸ ಆಗಿತ್ತಲ್ಲ?"

ಮೂರು ದಿನ ಹಾಳೆಯ ಮೇಲೆ ಬಗ್ಗಿ ಕೂತಿದ್ದರು. ಅತ್ತರು ಕೂಡ. ನಾನು ಚಹಾ ಕಾಸಿದೆ.

ಭಾನುವಾರ ನಿಲ್ದಾಣಕ್ಕೆ ಒಬ್ಬಳೇ ಹೋದೆ. ನುರ್ಜಾತ್ ಇಳಿದವಳೇ ನನ್ನ ಹಿಂದೆ ಹುಡುಕಿದಳು. "ಅಪ್ಪ?"

"ಬರಲ್ಲ ಅಂದ್ರು."

ಅವರಿಗೆಂದು ತಂದ ಉಣ್ಣೆಯ ಕಾಲುಚೀಲ ನನ್ನ ಕೈಗಿಟ್ಟು ಅದೇ ಬಸ್ಸು ಹತ್ತಿದಳು.

ಮರುದಿನ ಬೆಳಿಗ್ಗೆ ನೋಡಿದರೆ, ಚಹಾ ಪೊಟ್ಟಣದ ರಟ್ಟಿನಲ್ಲಿ ಒಂದು ಪದದಷ್ಟೇ ಕಿಂಡಿ ಕೊರೆದು, ಹಾಳೆಯ ಮೇಲೆ ಸರಿಸುತ್ತ ಓದುತ್ತಿದ್ದರು. "ಭಾನುವಾರ... ಬಸ್ಸಿಗೆ..." ಎದ್ದು ಟೋಪಿ ಹಾಕಿಕೊಂಡರು.

"ಕಲಿಪಾ, ಇವತ್ತು ಯಾವ ವಾರ?"

"ಸೋಮವಾರ."

ಟೋಪಿ ತೆಗೆದು ಕೂತರು. ಅಂದಿನಿಂದ ಓದಿಲ್ಲ, ಬೈದೂ ಇಲ್ಲ.

ನಿನ್ನ ಮಕ್ಕಳು ಸುಖವಾಗಿರಲಿ, ಕುರಿಗಳು ಚಳಿಗಾಲ ದಾಟಲಿ.

ನಿನ್ನ ಅಕ್ಕ,
ಕಲಿಪಾ

ಮರೆತ ಮಾತು: ಮೂವತ್ತೈದು ವರ್ಷದ ಹಿಂದೆ ನನ್ನ ಚೊಚ್ಚಲ ಮಗು ಹುಟ್ಟಿದ ನಾಲ್ಕೇ ದಿನಕ್ಕೆ ತೀರಿಕೊಂಡಾಗ ಅವರು ರಾಜಧಾನಿಯಲ್ಲಿದ್ದರು. ನಾನೇ ಹೆಸರಿಟ್ಟು, ನಾನೇ ಮಣ್ಣು ಮಾಡಿಸಿ, ಅವರಿಗೆ ನಾಲ್ಕು ಸಾಲು ಬರೆದಿದ್ದೆ. ಅದೇ ಕಾಗದ ಕೆಂಪು ಪೆನ್ಸಿಲಿನ ಒಂಬತ್ತು ತಿದ್ದುಪಡಿಯೊಂದಿಗೆ ವಾಪಸ್ ಬಂತು. ಬೇರೊಂದು ಮಾತಿರಲಿಲ್ಲ. ಮಗುವಿನ ಹೆಸರನ್ನೂ ತಿದ್ದಿದ್ದರು.