ಮೂರನೇ ಪೆಟ್ಟಿಗೆಯ ಕತ್ತರಿ

ವಸ್ತುಸಂಗ್ರಹಾಲಯದ ಮೇಲ್ವಿಚಾರಕರಿಗೆ,

ನಿಮ್ಮ ಉತ್ತರ ಬಂತು. ಮೂರನೇ ಗಾಜಿನ ಪೆಟ್ಟಿಗೆಯಲ್ಲಿರುವ ಕತ್ತರಿ ನಮ್ಮಮ್ಮನದು ಅಂತ ನಾನು ಬರೆದರೆ, ‘ದಾಖಲೆ ಇದ್ದರೆ ತನ್ನಿ’ ಅಂದಿದ್ದೀರಿ. ಹೊಲಿಗೆ ಅಂಗಡಿಯ ಯಜಮಾನರು ನಲವತ್ತು ವರ್ಷ ಹಿಡಿದ ಕತ್ತರಿ ಅಂತ ಫಲಕ ಬರೆಸುವಾಗ ಯಾವ ದಾಖಲೆ ಕೇಳಿದ್ದಿರಿ? ಅವರ ಮಗ ಹೇಳಿದ, ನೀವು ತಲೆಯಾಡಿಸಿದಿರಿ, ಅಷ್ಟೇ ತಾನೆ?

ಯಜಮಾನರ ಕೊರಳಲ್ಲಿ ಅಳತೆ ಟೇಪು ಇರುತ್ತಿತ್ತು, ನಿಜ. ಗಿರಾಕಿಗಳ ಮುಂದೆ ಹಲ್ಲು ಕಿರಿಯುವುದು ಅವರ ಕೆಲಸ. ಬಟ್ಟೆ ಕತ್ತರಿಸುತ್ತಿದ್ದವಳು ಪರದೆಯ ಹಿಂದೆ ನಿಂತ ನಮ್ಮಮ್ಮ. ಅವಳು ಎಡಚಿ. ಕಂಡರೆ ಗಿರಾಕಿಗಳು ಮೂಗು ಮುರಿಯುತ್ತಾರೆ ಅಂತ ಆ ಪರದೆ ಕಟ್ಟಿಸಿದವರೇ ಯಜಮಾನರು.

ಎಡಗೈಗೆಂದೇ ಹೇಳಿ ಮಾಡಿಸಿದ ಕತ್ತರಿ ಅದು. ಬಲಗೈಯಲ್ಲಿ ಹಿಡಿದು ನೋಡಿ, ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಯಜಮಾನರು ಸಹಿ ಹಾಕುತ್ತಿದ್ದದ್ದೂ, ಅಮ್ಮನತ್ತ ಬೆರಳು ಮಾಡಿ ಗದರುತ್ತಿದ್ದದ್ದೂ ಬಲಗೈಯಲ್ಲೇ. ಇದನ್ನು ಕಂಡುಹಿಡಿಯಲು ನೀವು ಅಷ್ಟೊಂದು ಇತಿಹಾಸ ಓದಬೇಕಿರಲಿಲ್ಲ, ಒಂದು ಚಿಂದಿ ಬಟ್ಟೆ ಸಾಕಿತ್ತು.

ಸೋಮವಾರ ಹನ್ನೊಂದಕ್ಕೆ ಬರುತ್ತೇವೆ. ಪೆಟ್ಟಿಗೆಯ ಬೀಗ ತೆಗೆಸಿಡಿ. ಯಜಮಾನರ ಮಗನನ್ನೂ ಕರೆಸಿ, ಮೊದಲು ಅವನೇ ಎಲ್ಲರೆದುರು ಕತ್ತರಿಸಿ ತೋರಿಸಲಿ. ಬಟ್ಟೆ ನಾವೇ ತರುತ್ತೇವೆ. ಆಮೇಲೆ ಫಲಕದಲ್ಲಿ ಯಾರ ಹೆಸರು ಬರೆಯಬೇಕು ಅಂತ ನೀವೇ ಹೇಳುವಿರಂತೆ.

ಇನ್ನೊಂದು ಮಾತು. ನಿಮ್ಮ ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲ, ಬಾಗಿಲಲ್ಲಿ ಒಂದು ಕುರ್ಚಿ ಹಾಕಿಸಿ. ನೀವು ಕೇಳಿದ ದಾಖಲೆಗೆ ಈಗ ಎಂಬತ್ತೆರಡು ವರ್ಷ, ಮಂಡಿ ನೋವು.

ಇತಿ,
ಎಡಚಿಯ ಮಗಳು