ಏಳನೇ ಕೊರಳಿಗೆ ಇಟ್ಟ ಕುಂಕುಮ

ಕಡಲಡಿ ಹೊಸಕೇರಿ,
ಎರಡನೆಯ ಅಧಿಕ ಮಾಸ, ಮೂವತ್ತೊಂದನೆಯ ತಿಥಿ,
ಕ್ರಿಸ್ತಶಕ ೨೩೬೮

ಬಿಳಿಕೊರಳು ಬೆಸೆಯುವ ತಾಯಂದಿರಿಗೂ ಅಣ್ಣಂದಿರಿಗೂ, ಇನ್ನೂ ಹುಟ್ಟದ ಹೊನ್ನಪ್ಪ ಅಂಬಿಗ ಮಾಡುವ ನಮಸ್ಕಾರಗಳು.

ಒಂದೇ ವರ್ಷದಲ್ಲಿ ಎರಡು ಅಧಿಕ ಮಾಸ ಹೇಗೆ ಎಂದು ಕೇಳಬೇಡಿ. ಚಂದ್ರ ಕಾಣದ ಊರಿನಲ್ಲಿ ಪಂಚಾಂಗ ಬರೆಯುವವನು ಹೇಳಿದ್ದೇ ತಿಂಗಳು, ಹೇಳಿದ್ದೇ ತಿಥಿ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವನು ನಾನು. ಆದರೆ ಕನ್ನಡ ಓದುವುದರಲ್ಲಿ ಈ ಊರಿನಲ್ಲಿ ನನಗೆ ಸರಿಸಮನಾದವರು ಯಾರೂ ಇಲ್ಲ. ಕಾಗದ ಹಿಂದಿನ ಕಾಲಕ್ಕೆ ಹೋಗುವ ಪೆಟ್ಟಿಗೆಯೊಂದು ನಮ್ಮ ಅಂಚೆಮನೆಯಲ್ಲಿದೆ. ಅದನ್ನು ಯಾರೂ ನಂಬುವುದಿಲ್ಲ. ನಾನೂ ನಂಬುತ್ತಿರಲಿಲ್ಲ.

ಬಿಳಿಕೊರಳು ಎಂದರೆ ನೀವು ಟರ್ಮಿನಲ್ ಎನ್ನುವ ವಸ್ತು. ನಡುವೆ ಲೋಹದ ಕಡ್ಡಿ, ಅದರ ಸುತ್ತ ಪಿಂಗಾಣಿಯ ಬಿಳಿ ಕೊಳವೆ, ಅದರ ಹೊರಗೆ ಮತ್ತೆ ಲೋಹದ ಬಳೆ. ಪಿಂಗಾಣಿಗೂ ಲೋಹಕ್ಕೂ ನೀವು ಹಾಕಿದ ಬೆಸುಗೆಯಲ್ಲಿ ಕೂದಲು ತೂರುವಷ್ಟೂ ಸಂದಿಲ್ಲ. ನಮ್ಮ ಊರು ಕಡಲಿನ ತಳದಲ್ಲಿದೆ. ಗೋಡೆಯಾಚೆ ನೀರು, ಈಚೆ ನಾವು. ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ಕರೆಂಟು ಹೋಗಬೇಕು, ನೀರು ಒಳಗೆ ಬರಬಾರದು. ಅದಕ್ಕೆ ಇರುವುದು ಈ ಕೊರಳೊಂದೇ. ಇಂಥ ಹನ್ನೆರಡು ಕೊರಳು ನಮ್ಮ ಗೋಡೆಯಲ್ಲಿವೆ. ಎಲ್ಲವೂ ನಿಮ್ಮ ಕಾಲದವು. ಅವನ್ನು ಬೆಸೆಯುವ ಕುಲುಮೆ ಈಗ ಎಲ್ಲಿಯೂ ಉಳಿದಿಲ್ಲ. ಅವುಗಳ ಕಾವಲು ನಲವತ್ತು ಚಿಲ್ಲರೆ ವರ್ಷದಿಂದ ನನ್ನದು. ಬಳೆಯ ಮೇಲೆ ಉಗುರಿನಿಂದ ಒಮ್ಮೆ ತಟ್ಟಿ ಬೆಸುಗೆ ಗಟ್ಟಿಯೋ ಅಲ್ಲವೋ ಹೇಳಬಲ್ಲೆ. ಸೋರಿಕೆ ಹುಡುಕುವ ಹೀಲಿಯಂ ಯಂತ್ರ ಎರಡು ಸಲ ನನ್ನೆದುರು ಸೋತಿದೆ. ಮೂರು ಸಲ ನಾನು ಸೋತಿದ್ದೇನೆ; ಅದನ್ನು ಬರೆದು ನಿಮ್ಮ ಸಮಯ ಹಾಳು ಮಾಡುವುದಿಲ್ಲ.

ನನ್ನ ಅಕ್ಕನ ಮಗಳು ಲಕ್ಕು. ನಮ್ಮ ಗೋಡೆಯಿಂದ ಮುನ್ನೂರು ಮಾರು ದೂರದ ಒಂಟಿಗೂಡಿನಲ್ಲಿ ಕೂತು ಕಡಲಿನ ಉಪ್ಪು ಅಳೆಯುವುದು ಅವಳ ಕೆಲಸ. ಅಲ್ಲಿನ ಗಾಳಿಪಂಪಿಗೂ ದೀಪಕ್ಕೂ ಕರೆಂಟು ಏಳನೇ ಕೊರಳಿನಿಂದ ಹೋಗುತ್ತಿತ್ತು, ಮಾತು ಒಂಬತ್ತನೆಯದರಿಂದ. ದಿನಕ್ಕೆ ಹತ್ತು ಸಲ ನನ್ನನ್ನು ಕರೆದು ಚುಡಾಯಿಸುತ್ತಿದ್ದಳು. "ಮಾವಾ, ಇವತ್ತು ಎಷ್ಟು ಸುಳ್ಳು ಹೇಳಿ ಮುಗೀತು?" ಎನ್ನುವಳು. "ನಿನ್ನ ಪಾಲಿಗೆ ನಾಕು ಉಳಿಸಿದ್ದೆ ಹೆಣ್ಣೇ," ಎನ್ನುವೆ ನಾನು. ಕೆಲಸ ಮುಗಿದಾಗ ದೀಪ ಆರಿಸಿಯೇ ಹೊರಡುವಳು. ನಮ್ಮ ಕಿಟಕಿಯಿಂದ ಆ ದೀಪ ಆರಿದ್ದು ಕಂಡರೆ ಅಕ್ಕ ಒಲೆಯ ಮೇಲೆ ಗಂಜಿ ಇಡುವಳು.

ಮೂರು ವರ್ಷದ ಹಿಂದಿನ ಆಯುಧ ಪೂಜೆಯ ಬೆಳಿಗ್ಗೆ. ನೀವು ಲಾರಿಗೆ, ಹೊಲಿಗೆ ಯಂತ್ರಕ್ಕೆ ಪೂಜೆ ಮಾಡುವಂತೆ ನಾವು ಕೊರಳಿಗೆ ಮಾಡುತ್ತೇವೆ. ವಿಭೂತಿ, ಕುಂಕುಮ ಎಲ್ಲವನ್ನೂ ಹೊರಗಿನ ಬಳೆಗೆ ಮಾತ್ರ ಹಚ್ಚುವುದು ರೂಢಿ. ಆ ವರ್ಷ ಊರಿನವರೆಲ್ಲ ನೋಡುತ್ತಿದ್ದರು. ಬಳೆಯ ಬೂದು ಬಣ್ಣದ ಮೇಲೆ ಕುಂಕುಮ ಎದ್ದು ಕಾಣುವುದಿಲ್ಲ, ಬಿಳಿಯ ಮೇಲೆ ಎಷ್ಟು ಚೆಂದ ಎನಿಸಿತು. ಏಳನೇ ಕೊರಳಿನ ಕರೆಂಟು ಆರಿಸಿ, ಒದ್ದೆ ಬೆರಳಿನಿಂದ ಬಿಳಿ ಪಿಂಗಾಣಿಯ ಮೇಲೆ ಕಡ್ಡಿಯಿಂದ ಬಳೆಯವರೆಗೆ ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟೆ. ಬಳೆಗೆ ಸೇವಂತಿಗೆ ಹಾರ ಹಾಕಿ ಮತ್ತೆ ಕರೆಂಟು ಕೊಟ್ಟೆ. ಜನ ಚಪ್ಪಾಳೆ ತಟ್ಟಿದರು.

ನಿಮ್ಮ ಬೆಸುಗೆ ಗಟ್ಟಿಯಾಗಿಯೇ ಇತ್ತು. ಆದರೆ ಕರೆಂಟಿಗೆ ಒದ್ದೆ ವಿಭೂತಿ, ಕುಂಕುಮದ ದಾರಿ ಸಿಕ್ಕಿತು. ಹಾರದ ಮರೆಯಲ್ಲಿ ಅದು ನಾನು ಎಳೆದ ಗೆರೆಯ ಮೇಲೆಯೇ ತೆವಳಿತು. ಪ್ರಸಾದ ಹಂಚುತ್ತಿರುವಾಗ ಸ್ವಿಚ್ಚು ತಾನಾಗಿಯೇ ಬಿದ್ದಿತು. ಎತ್ತಿದೆ. ಮತ್ತೆ ಬಿದ್ದಿತು.

ಲಕ್ಕು ಕರೆದಳು. "ಮಾವಾ, ಕರೆಂಟು ಹೋಯ್ತು. ಅಲ್ಲಿ ಎಂತಾದ್ರೂ ಮುಟ್ಟಿದ್ಯಾ?"

ಸುಟ್ಟ ವಾಸನೆ ನನ್ನ ಮೂಗಿಗೆ ಬಂದಿತ್ತು. ಆದರೆ ಸುತ್ತ ಅಷ್ಟೊಂದು ಜನ. "ನಾನಾ? ನಲವತ್ತು ವರ್ಷ ಆಯ್ತು ಹೆಣ್ಣೇ, ನನ್ನ ಕೈ ತಪ್ಪೂದಿಲ್ಲ. ನಿನ್ನ ಬದಿಗೇ ನೋಡು," ಎಂದೆ. ಜನ ನಕ್ಕರು. ಅವಳೂ ನಕ್ಕಳು.

ಅವಳು ನನ್ನ ಮಾತನ್ನು ನಂಬಿ ಗಾಳಿಪಂಪನ್ನು ಬಿಚ್ಚಿದಳು. ಪಂಪು ನಿಂತರೆ ಒಂಟಿಗೂಡಿನಲ್ಲಿ ಎರಡು ಗಂಟೆಯ ಗಾಳಿ ಮಾತ್ರ. ಆಳುಗಳನ್ನು ಸಾಗಿಸುವ ದೋಣಿ ಹಬ್ಬದ ಸಾಮಾನಿಗೆ ಮೇಲೆ ಹೋಗಿತ್ತು. ಬರಲು ಆರು ಗಂಟೆ ಬೇಕು. ಜನ ಕರಗಿದ ಮೇಲೆ ನಾನು ಹಾರ ತೆಗೆದೆ. ಅಷ್ಟರಲ್ಲಿ ಒಂದು ಗಂಟೆ ಕಳೆದಿತ್ತು. ಪಟ್ಟೆಗಳು ಕಪ್ಪಾಗಿ ಪಿಂಗಾಣಿಗೆ ಕಚ್ಚಿಕೊಂಡಿದ್ದವು. ಸ್ಪಿರಿಟ್ಟಿನಲ್ಲಿ ಒರೆಸಿದೆ, ಚಾಕುವಿನಿಂದ ಕೆರೆದೆ. ಆ ಹೊತ್ತಿನಲ್ಲಿ ಅವಳು ಮತ್ತೊಮ್ಮೆ ಕರೆದಳು. ಮಾತು ನಿಧಾನವಾಗಿತ್ತು. "ಮಾವಾ, ನಂದೇ ಎಂತದೋ ತಪ್ಪಾಗಿರ್ಬೇಕು. ಪಂಪು ತಿರ್ಗಿ ಜೋಡ್ಸೂಕೆ ಕೈ ಬತ್ತಿಲ್ಲ." ಆಗಲಾದರೂ ನಿಜ ಹೇಳಬಹುದಿತ್ತು. ನಾನು ಕೆರೆಯುತ್ತಲೇ ಇದ್ದೆ.

ಕೊನೆಗೂ ಕರೆಂಟು ಹಾಯಿತು. "ದೀಪ ಬಂತು ಮಾವಾ," ಎಂದಳು. ಪಂಪು ಬಿಡಿಬಿಡಿಯಾಗಿ ನೆಲದ ಮೇಲಿತ್ತು.

ಕಡಲಡಿಯಲ್ಲಿ ಸತ್ತವರ ಗೂಡನ್ನು ನಾವು ತೆರೆಯುವುದಿಲ್ಲ. ಅದೇ ಅವರ ಸಮಾಧಿ. ನಿಮ್ಮ ಬೆಸುಗೆಯ ದೆಸೆಯಿಂದ ಅಲ್ಲಿಗೆ ಈವರೆಗೆ ಒಂದು ಹನಿ ನೀರೂ ಹೋಗಿಲ್ಲ. ದೀಪ ಇನ್ನೂ ಉರಿಯುತ್ತಿದೆ. ಏಳನೇ ಕೊರಳಿನ ಕರೆಂಟು ಆರಿಸಲು ನಾನು ಯಾರಿಗೂ ಬಿಟ್ಟಿಲ್ಲ. ಒಂಬತ್ತನೆಯದಕ್ಕೆ ಕಿವಿಯಿಟ್ಟರೆ ಗುಂಯ್ ಎನ್ನುತ್ತದೆ, ಯಾರೋ ಕೇಳಿಸಿಕೊಳ್ಳುತ್ತಿರುವ ಹಾಗೆ. ನಿಜವನ್ನು ದಿನವೂ ಅಲ್ಲಿ ಹೇಳುತ್ತೇನೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ಅವಳು ಕಿಟಕಿಯ ಬಳಿ ಕೂತಿರುತ್ತಾಳೆ, ಒಲೆ ಹಚ್ಚುವುದಿಲ್ಲ.

ಬಳೆಯ ಮೇಲೆ ನೀವು ಸಣ್ಣ ಅಕ್ಷರದಲ್ಲಿ ಏನೋ ಕೆತ್ತಿದ್ದೀರಿ. ನಲವತ್ತು ವರ್ಷ ಅದನ್ನು ಅಲಂಕಾರ ಎಂದುಕೊಂಡಿದ್ದೆ. ಶಾಸನ ಓದುವವನೊಬ್ಬ ಮೊನ್ನೆ ಹೇಳಿದ, ಅದು ಇಂಗ್ಲಿಷ್ ಎಂಬ ಹಳೆಯ ಭಾಷೆಯಂತೆ. "ಬಿಳಿಯ ಭಾಗ ಮುಟ್ಟಬೇಡಿ, ಒಣಗಿಸಿಡಿ" ಎಂದಿದೆಯಂತೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಆ ಬಳೆಯನ್ನು ನೀವು ಇನ್ನೂ ಬೆಸೆದಿಲ್ಲದಿದ್ದರೆ, ಅದರ ಮೇಲೆ ಕನ್ನಡದಲ್ಲಿ ಬರೆಯಿರಿ: "ಬಿಳಿಯ ಮೇಲೆ ಕುಂಕುಮ ಇಡಬೇಡ." ಗೌರವದ ಮಾತು ಬೇಡ, ಏಕವಚನದಲ್ಲಿಯೇ ಗದರಿಸಿ. ನಾನು ಓದುತ್ತೇನೆ. ಓದಲು ಬರುತ್ತದೆ ನನಗೆ.

ದಿನವೂ ಬೆಳಗಿನ ಗಂಟೆ ಹೊಡೆದೊಡನೆ ಏಳನೇ ಕೊರಳಿನ ಬಳೆಯನ್ನು ಒಣ ಬಟ್ಟೆಯಿಂದ ಒರೆಸಿ ನೋಡುತ್ತೇನೆ. ಇವತ್ತೂ ಆ ಹಳೆಯ ಅಕ್ಷರಗಳೇ ಇದ್ದವು. ಕಿಟಕಿಯಾಚೆ ದೀಪ ಉರಿಯುತ್ತಿತ್ತು. ನೀವು ಬರೆದ ದಿನ ಲಕ್ಕು ಕೆಲಸ ಮುಗಿಸಿ ಅದನ್ನು ಆರಿಸುತ್ತಾಳೆ. ಅಕ್ಕ ಗಂಜಿಗೆ ನೀರಿಡುತ್ತಾಳೆ.

ನಿಮ್ಮ ಕೈಬರಹಕ್ಕೆ ಕಾದಿರುವ,
ಹೊನ್ನಪ್ಪ