ಮೂರನೇ ಮಹಡಿಯ ಹುಡುಗಿ

ಅಕ್ಕಾ,

ನೀನು ತೀರಿಕೊಂಡ ಮೇಲೆ ನಾನು ಯುವಜನರ ತರಬೇತಿ ಕೇಂದ್ರವೊಂದಕ್ಕೆ ಸೇರಿದೆ. ಬಾಗಿಲಿನ ‘ಎಲ್ಲರಿಗೂ ಸ್ವಾಗತ’ ಫಲಕ ನಾನೇ ಬರೆದದ್ದು.

ಇವತ್ತು ಬೆಂಕಿ ಬಿದ್ದರೆ ಹೊರಬರುವುದು ಹೇಗೆಂದು ಪರೀಕ್ಷಿಸಲು ಗಂಟೆ ಬಾರಿಸಿದರು. ಎಲ್ಲರೂ ಅಂಗಳಕ್ಕೆ ಓಡಿದೆವು.

“ಎಲ್ರೂ ಬಂದ್ರೇನಮ್ಮಾ?” ಎಂದರು ಮೇಷ್ಟ್ರು.

“ಬಂದ್ರು ಸಾರ್,” ಎಂದೆ.

ತಲೆಯೆತ್ತಿದರೆ ಮೂರನೇ ಮಹಡಿಯ ಕಿಟಕಿಯಲ್ಲಿ ಹೊಸ ಹುಡುಗಿಯ ಬೆನ್ನು. ನಿನ್ನಂತೆ ಅವಳಿಗೂ ಕಿವಿ ಕೇಳಿಸುವುದಿಲ್ಲ. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತಿದ್ದಳು. ಮೇಷ್ಟ್ರಿಗೆ ಕಿಟಕಿಯತ್ತ ಕೈ ತೋರಿಸಿದೆ.

“ನಿಜವಾದ ಬೆಂಕಿ ಅಲ್ವಲ್ಲ, ಯಾಕಿಷ್ಟು ಹೆದರ್ತೀಯಾ?” ಎಂದು ಮೇಷ್ಟ್ರು ನಕ್ಕರು.

ಮೆಟ್ಟಿಲು ಹತ್ತಿ ಓಡಿದೆ. ನನ್ನ ಮುಖ ಕಂಡು ಅವಳು ಗಾಬರಿಯಾಗಿ, ಎದೆ ಮುಟ್ಟಿಕೊಂಡು, ಅಂಗೈ ತಿರುಗಿಸಿ ಸನ್ನೆಯಲ್ಲೇ ಏನೋ ಕೇಳಿದಳು. ನೀನೂ ದಿನಾ ನನ್ನನ್ನು ಅದನ್ನೇ ಕೇಳುತ್ತಿದ್ದೆ. ಅದರ ಅರ್ಥ ನನಗೆ ಇನ್ನೂ ಗೊತ್ತಿಲ್ಲ.